‘ಆ್ಯಂಡ್ ಪಾರ್ಟಿ’ ಎಂಬ ಎರಡು ಪದ

ಉರುಸಿನ ಕವ್ವಾಲಿಯ ಹಸ್ತಪತ್ರಿಕೆಯನ್ನು ನೀವು ನೋಡಿಯೇ ಇರುತ್ತೀರಿ. ಮೇಲೆ ದರ್ಗಾದ ಗುಂಬಜದ ಚಿತ್ರ, ಕೆಳಗೆ ತಾರೀಖು, ನಡುವೆ ದಪ್ಪ ಅಕ್ಷರಗಳಲ್ಲಿ ಕವ್ವಾಲರ ಹೆಸರು. ಆ ಹೆಸರಿನ ಮುಂದೆ ಸಣ್ಣದಾಗಿ ‘ಆ್ಯಂಡ್ ಪಾರ್ಟಿ’ ಎಂದಿರುತ್ತದೆ. ಮದುವೆಯ ಬ್ಯಾಂಡಿನವರಿಗೆ ಅಷ್ಟೂ ಇಲ್ಲ. ಅಂಗಡಿಯ ಬೋರ್ಡಿನ ಮೇಲೆ ಮಾಲೀಕನ ಹೆಸರು, ಮೊಬೈಲ್ ನಂಬರು ಇಷ್ಟೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಊರುಗಳ ಸುತ್ತಮುತ್ತ ಢೋಲಕ್ ಬಾರಿಸುವವರು, ಕೊರಳಿಗೆ ತಾಶಾ ಕಟ್ಟಿಕೊಂಡವರು, ದೊಡ್ಡ ಢೋಲು ಹೊತ್ತವರು, ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಬೇಸ್ ಹಿಡಿದು ನಿಂತವರು ಎಲ್ಲರೂ ಆ ಎರಡು ಪದಗಳೊಳಗೇ ಬದುಕಿದ್ದಾರೆ. ನಮ್ಮ ಸಾಂಸ್ಕೃತಿಕ ವಿಮರ್ಶೆಯೂ ಹಸ್ತಪತ್ರಿಕೆಯ ದಾರಿಯನ್ನೇ ಹಿಡಿದಿದೆ. ಹಾಡಿದವರ ಬಗ್ಗೆ ಬರೆಯುತ್ತೇವೆ, ಹಾಡು ಕಟ್ಟಿದವರ ಬಗ್ಗೆ ಬರೆಯುತ್ತೇವೆ. ತಾಳ ಹಿಡಿದವರ ಬಗ್ಗೆ ಬರೆದದ್ದು ಬಹಳ ಕಡಿಮೆ. ಈ ಮರೆವಿಗೆ ನಾವೀಗ ತೆರುತ್ತಿರುವ ಬೆಲೆ ಸಂಗೀತಕ್ಕಷ್ಟೇ ಸಂಬಂಧಿಸಿದ್ದಲ್ಲ ಎಂಬುದು ನನ್ನ ವಾದ.

ಮೊದಲು ಇವರು ಯಾರು ಎಂದು ನೋಡೋಣ. ಇದು ಕಲ್ಲಿನ ಮತ್ತು ಸಿಮೆಂಟಿನ ಸೀಮೆ. ಶಹಾಬಾದಿನ ಫರಸಿ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ಸಿಕಂದರಾಬಾದಿನಿಂದ ಬಂದ ರೈಲು ಮಾರ್ಗ ಮುಂಬೈ–ಮದ್ರಾಸ್ ಮಾರ್ಗವನ್ನು ಕೂಡಿದ್ದು ವಾಡಿಯಲ್ಲಿ. ಆ ಕೂಡುದಾರಿಯಿಂದ ಸರಕಷ್ಟೇ ಬರಲಿಲ್ಲ, ಹೈದರಾಬಾದಿನ ಕವ್ವಾಲಿಯೂ ಮುಂಬೈಯ ಚಿತ್ರಗೀತೆಯೂ ಬಂದವು. ಇಂದಿಗೂ ವಾಡಿ ಪಕ್ಕದ ಹಲಕಟ್ಟಾ ಶರೀಫಿನ ಉರುಸಿಗೆ ಹೈದರಾಬಾದಿನ ಕಡೆಯಿಂದ ವಿಶೇಷ ರೈಲು ಬಿಡುತ್ತಾರೆ. ಇಂಥ ಊರುಗಳ ವಾದ್ಯದವರು ಹಗಲು ಹೊತ್ತು ಕಲ್ಲಿನ ಪಾಲಿಶ್ ಮಷಿನ್ ಮುಂದೆ ನಿಂತಿರುತ್ತಾರೆ, ಇಲ್ಲವೆ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಮಾಡುತ್ತಾರೆ, ಆಟೊ ಓಡಿಸುತ್ತಾರೆ, ಹೊಲಿಗೆ ಯಂತ್ರ ತುಳಿಯುತ್ತಾರೆ. ಸಂಜೆ ಮತ್ತು ಸೀಜನ್ನಿನಲ್ಲಿ ಮಾತ್ರ ವಾದ್ಯ. ಇವರನ್ನು ಹವ್ಯಾಸಿಗಳೆಂದು ಕರೆಯುವುದೂ ಕಷ್ಟ, ವೃತ್ತಿಯವರೆಂದು ಕರೆಯುವುದೂ ಕಷ್ಟ. ವಾದ್ಯದ ದುಡ್ಡಿನಿಂದ ಮನೆ ನಡೆಯುವುದಿಲ್ಲ, ಅದಿಲ್ಲದಿದ್ದರೆ ಮನೆ ಪೂರ್ತಿ ನಡೆಯುವುದೂ ಇಲ್ಲ.

ಇಂಥ ಒಂದು ಪಾರ್ಟಿಗೆ ಎರಡು ಕ್ಯಾಲೆಂಡರ್ ಬೇಕು. ಮೊಹರಂ ಮತ್ತು ಸಫರ್ ತಿಂಗಳುಗಳಲ್ಲಿ ಮುಸ್ಲಿಮರ ಮನೆಯಲ್ಲಿ ಮದುವೆಗಳು ವಿರಳ, ರಂಜಾನಿನಲ್ಲಂತೂ ಇಲ್ಲವೇ ಇಲ್ಲ. ಹಿಂದೂಗಳ ಮನೆಯಲ್ಲಿ ಆಷಾಢ ಬಂದರೆ ನಿಂತಿತು, ಧನುರ್ಮಾಸ ಬಂದರೆ ನಿಂತಿತು. ಹಿಜರಿ ವರ್ಷ ಪ್ರತಿ ಸಲ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಒಂದು ವರ್ಷದ ಲೆಕ್ಕ ಮುಂದಿನ ವರ್ಷಕ್ಕೆ ಬರುವುದಿಲ್ಲ. ಪಂಚಾಂಗವನ್ನೂ ಚಾಂದ್ರಮಾನದ ಹಿಜರಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಮುಂಗಡ ಹಿಡಿಯುವ ಬ್ಯಾಂಡ್ ಮಾಸ್ತರನಿಗೆ ಸೌಹಾರ್ದದ ಭಾಷಣ ಬೇಕಾಗಿಲ್ಲ. ಅವನ ಹೊಟ್ಟೆಪಾಡೇ ಎರಡೂ ಮನೆಗಳ ಸುಖದುಃಖಗಳ ಲೆಕ್ಕವನ್ನು ಅವನಿಂದ ಇಡಿಸಿದೆ.

ಇನ್ನು ಇವರು ಮಾಡುವ ಕೆಲಸವೇನು? ಢೋಲಕಿನ ಬಲಗಡೆಯ ಸಣ್ಣ ಮುಖ ಮಾತಾಡುತ್ತದೆ, ಎಡಗಡೆಯ ದೊಡ್ಡ ಮುಖ ಹೊರುತ್ತದೆ. ಎಡಮುಖದ ಚರ್ಮದ ಒಳಬದಿಗೆ ಮಸಾಲೆ ಹಚ್ಚಿರುತ್ತಾರೆ, ಅದರ ಭಾರದಿಂದಲೇ ಆ ತಗ್ಗಿದ ನಾದ. ಕೇಳುವವರು ಬಲಗೈಯ ಬೆರಳಾಟಕ್ಕೆ ‘ವಾಹ್’ ಎನ್ನುತ್ತಾರೆ. ಆದರೆ ಚಪ್ಪಾಳೆ ತಟ್ಟುವ ಸಂಗಡಿಗರು, ಹಾರ್ಮೋನಿಯಂನವರು, ಕವ್ವಾಲರು ಎಲ್ಲರೂ ಕಾಲೂರುವುದು ಎಡಗೈಯ ಮೇಲೆ. ಎಂಟು ಮಾತ್ರೆಯ ಕೆಹರವಾದಲ್ಲಿ ಆ ಎಡಗೈ ಒಂದು ಸಲ ತಡವರಿಸಿದರೆ ಒಳ್ಳೆಯ ಶಾಯರಿಯೂ ನೆಲಕ್ಕೆ ಬೀಳುತ್ತದೆ. ಪಾಶ್ಚಾತ್ಯರ ಬೇಸ್ ಗಿಟಾರ್ ಮಾಡುವುದೂ ಇದೇ ಕೆಲಸವನ್ನೇ. ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಆ ನಾಲ್ಕು ತಂತಿಯ ವಾದ್ಯದ ಕೆಳತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೆ ಅದು ದುಬಾರಿ. ಎಷ್ಟೋ ಕಡೆ ಕೀಬೋರ್ಡಿನವನ ಎಡಗೈಯೇ ಬೇಸ್ ಆಗಿ ಕೆಲಸ ಮಾಡಿದೆ. ಮುಂಬೈಯಲ್ಲಿ ಆರ್.ಡಿ. ಬರ್ಮನ್ ಅವರ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಟೋನಿ ವಾಝ್ ಅವರ ಕೈಯನ್ನು ನಾವೆಲ್ಲ ಕೇಳಿದ್ದೇವೆ, ಹೆಸರನ್ನು ಕೇಳಿದವರು ಎಷ್ಟು ಜನ? ಅಂಥ ವಾದ್ಯಗಾರರನ್ನು ಹುಡುಕಿ ಮಾತಾಡಿಸಿ ‘ಬಿಹೈಂಡ್ ದ ಕರ್ಟನ್’ ಎಂಬ ಪುಸ್ತಕ ಬರೆಯಲು 2008ರಲ್ಲಿ ಗ್ರೆಗರಿ ಬೂತ್ ಎಂಬ ಹೊರದೇಶದ ವಿದ್ವಾಂಸರೇ ಬೇಕಾಯಿತು. ಮದುವೆ ಬ್ಯಾಂಡಿನವರ ಬಗ್ಗೆ ‘ಬ್ರಾಸ್ ಬಾಜಾ’ ಎಂಬ ಪುಸ್ತಕವನ್ನು 2005ರಲ್ಲಿ ಬರೆದವರೂ ಅವರೇ.

ಈ ವಾದ್ಯಗಳನ್ನು ಪರಂಪರೆಯ ಹೆಸರಿನಲ್ಲಿ ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಯಾವುದೂ ‘ಶುದ್ಧ’ವಲ್ಲ. ಮದುವೆಯ ಬ್ಯಾಂಡು ಬ್ರಿಟಿಷರ ಸೈನ್ಯದಿಂದ ಬಂದದ್ದು. ಅದರ ಹಿತ್ತಾಳೆ ವಾದ್ಯಗಳಿಗೆ ಹೆಸರಾದ ಮೀರತ್ತಿನ ನಾದಿರ್ ಅಲಿ ಕಂಪನಿ ಶುರುವಾದದ್ದು 1885ರಲ್ಲಿ. ನಾವು ‘ಬೆಂಜೊ’ ಎಂದು ಕರೆಯುವ, ಟೈಪ್‌ರೈಟರಿನಂಥ ಗುಂಡಿಗಳಿರುವ ಬುಲ್‌ಬುಲ್ ತರಂಗ್, ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ವಾದ್ಯವೊಂದರ ದಕ್ಷಿಣ ಏಷ್ಯಾದ ಮೊಮ್ಮಗು. ಅದಕ್ಕೆ ಕರೆಂಟು ಕೊಟ್ಟು, ಪಕ್ಕದಲ್ಲಿ ತಾಶಾ ಮತ್ತು ಢೋಲು ಇಟ್ಟು ‘ಬೆಂಜೊ ಪಾರ್ಟಿ’ ಕಟ್ಟಿದ್ದು ನಮ್ಮವರು. ಯಂತ್ರವೂ ಹೊಸತಲ್ಲ. ಮೊದಲು ಇಬ್ಬರು ಮೂವರು ಬಾರಿಸುತ್ತಿದ್ದ ಡ್ರಮ್ಮುಗಳನ್ನು ಒಬ್ಬನೇ ಕೂತು ಬಾರಿಸುವಂತಾದದ್ದು ಕಾಲಿನಿಂದ ಒತ್ತುವ ಪೆಡಲ್ ಬಂದ ಮೇಲೆ. ಅಮೆರಿಕದ ಲುಡ್ವಿಗ್ ಸೋದರರು ಅದನ್ನು ತಯಾರಿಸತೊಡಗಿದ್ದು 1909ರಲ್ಲಿ. 1980ರ ದಶಕದಲ್ಲಿ ಬಂದ ರೋಲ್ಯಾಂಡ್ ಕಂಪನಿಯ ಆಕ್ಟೋಪ್ಯಾಡ್ ಇನ್ನಷ್ಟು ವಾದ್ಯಗಳನ್ನು ಎಂಟು ರಬ್ಬರ್ ಚೌಕಗಳೊಳಗೆ ಸೇರಿಸಿತು. ಪ್ರತಿ ಸಲವೂ ಒಂದಿಬ್ಬರ ಕೂಲಿ ಹೋಯಿತು ನಿಜ. ಆದರೂ ಒಂದು ಕೈ, ಒಂದು ಕಾಲು ಉಳಿದೇ ಇತ್ತು. ಬಡಿಯುವವನು ಊರಿನ ಮನುಷ್ಯನೇ ಆಗಿದ್ದ.

ಈಗ ನಮ್ಮ ರಸ್ತೆಗಳಿಗೆ ಬಂದಿರುವ ಡಿ.ಜೆ.ಯಲ್ಲಿ ಆ ಕೈ ಇಲ್ಲ. ಟ್ರಾಕ್ಟರಿನ ಮೇಲೆ ಆಳೆತ್ತರದ ಬಾಕ್ಸುಗಳು, ಹಿಂದೆ ಜನರೇಟರು, ಒಂದು ಲ್ಯಾಪ್‌ಟಾಪು. ಬೇಸ್ ಇದೆ, ಬೇಸ್ ನುಡಿಸುವವನಿಲ್ಲ. ಡ್ರಮ್ ಇದೆ, ಡ್ರಮ್ಮಿನವನಿಲ್ಲ. ಇದರಿಂದ ಕಿವಿಗೆ, ಎದೆಗೆ ಆಗುವ ತೊಂದರೆಯನ್ನು ವೈದ್ಯರು ಹೇಳುತ್ತಲೇ ಇದ್ದಾರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿವೆ. ಆ ಮಿತಿಯ ಗತಿ ಏನಾಗಿದೆ ಎಂಬುದು ಎಲ್ಲರಿಗೂ ಗೊತ್ತು. ನಾನು ಹೇಳಬೇಕಾದದ್ದು ಬೇರೆ.

ಬ್ಯಾಂಡಿನವನು ನಿಲ್ಲಿಸಬಲ್ಲವನಾಗಿದ್ದ. ಮೆರವಣಿಗೆ ಮಸೀದಿಯ ಬಳಿ ಬರುವಾಗ ಅಜಾನ್ ಆಗುತ್ತಿದ್ದರೆ ಮಾಸ್ತರ ಕೈ ಎತ್ತುತ್ತಿದ್ದ, ದೊಡ್ಡ ಢೋಲಿನವನು ಕೋಲನ್ನು ಕಂಕುಳಿಗೆ ಸಿಕ್ಕಿಸುತ್ತಿದ್ದ. ಗುಡಿಯ ಮುಂದೆ ಮಂಗಳಾರತಿ ನಡೆದಿದ್ದರೂ ಅಷ್ಟೇ. ಓಣಿಯಲ್ಲಿ ಯಾರದೋ ಮನೆಯಲ್ಲಿ ಸಾವಾಗಿದ್ದರೆ ಆ ಮನೆ ದಾಟುವವರೆಗೆ ಬರೀ ಹೆಜ್ಜೆ ಸದ್ದು. ಯಾರ ಮನೆಯಲ್ಲಿ ಏನಾಗಿದೆ ಎಂದು ಅವನಿಗೆ ಗೊತ್ತಿರುತ್ತಿತ್ತು, ಏಕೆಂದರೆ ನಾಳೆ ಅದೇ ಓಣಿಯಲ್ಲಿ ಅವನು ಆಟೊ ಓಡಿಸಬೇಕು, ಅದೇ ಮನೆಯ ಮದುವೆಗೆ ಮುಂಗಡ ಹಿಡಿಯಬೇಕು. ತಾಳಗಾರನ ವಿದ್ಯೆಯಲ್ಲಿ ಬಡಿಯುವುದು ಎಷ್ಟು ಇದೆಯೋ ಬಿಡುವುದೂ ಅಷ್ಟೇ ಇದೆ. ಎರಡು ಪೆಟ್ಟುಗಳ ನಡುವೆ ಜಾಗ ಬಿಡದವನಿಗೆ ತಾಳ ಬಂದಿದೆ ಎಂದು ಯಾವ ಉಸ್ತಾದನೂ ಒಪ್ಪುವುದಿಲ್ಲ. ಓಣಿಯ ಮುಂದೆ ಸುಮ್ಮನಾಗುವುದು ಆ ವಿದ್ಯೆಯದೇ ಮುಂದುವರಿಕೆ.

ಹಾಗೆಯೇ ನಿಲ್ಲಿಸಬಾರದ ಹೊತ್ತೂ ಅವನಿಗೆ ಗೊತ್ತು. ಸಮಾ ಮಹಫಿಲಿನಲ್ಲಿ ಕೇಳುಗರೊಬ್ಬರಿಗೆ ‘ಹಾಲ್’ ಬಂದರೆ ಅದೇ ಸಾಲನ್ನು ಅವರು ಸ್ಥಿಮಿತಕ್ಕೆ ಬರುವವರೆಗೆ ಹಾಡುತ್ತಲೇ ಇರಬೇಕೆಂಬುದು ಕವ್ವಾಲರ ನಿಯಮ. ದೆಹಲಿಯ ಖ್ವಾಜಾ ಕುತುಬುದ್ದೀನ್ ಬಖ್ತಿಯಾರ್ ಕಾಕಿ 1235ರಲ್ಲಿ ಸಮಾ ಕೇಳುತ್ತಲೇ ಹಾಲ್‌ಗೆ ಒಳಗಾಗಿ ತೀರಿಕೊಂಡರೆಂದು ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಢೋಲಕಿನವನ ಕೈ ಸೋತರೂ ಬಿಡುವಂತಿಲ್ಲ, ಅವನ ಕಣ್ಣು ಕವ್ವಾಲರ ಮೇಲಲ್ಲ, ಆ ಕೇಳುಗರ ಮೇಲಿರಬೇಕು. ಎದುರಿನ ಮನುಷ್ಯನನ್ನು ನೋಡಿ ನಿಲ್ಲುವ, ಎದುರಿನ ಮನುಷ್ಯನನ್ನು ನೋಡಿ ಮುಂದುವರಿಯುವ ಈ ತಿಳಿವಳಿಕೆ ಯಾವ ಪೆನ್‌ಡ್ರೈವಿಗೂ ಬರುವುದಿಲ್ಲ.

ಇದು ಬರೀ ಭಾವುಕತೆಯ ಮಾತಲ್ಲ. ಮಸೀದಿಯ ಮುಂದೆ ಬೇಕೆಂತಲೇ ಟ್ರಾಕ್ಟರ್ ನಿಲ್ಲಿಸಿ, ಬೇಸ್ ಏರಿಸಿ, ಕಿಟಕಿಯ ಗಾಜು ಅದುರಿಸುವ ಮೆರವಣಿಗೆಗಳನ್ನು ನಾಡಿನ ಅನೇಕ ಊರುಗಳು ಕಂಡಿವೆ. ಅಲ್ಲಿ ಶಬ್ದವೇ ಕಲ್ಲಿನ ಕೆಲಸ ಮಾಡುತ್ತದೆ. ಊರಿನ ಹಲಗಿಯವನನ್ನೋ ಬೆಂಜೊದವನನ್ನೋ ಇಂಥ ಕೆಲಸಕ್ಕೆ ಒಪ್ಪಿಸಬೇಕಾದರೆ ಮೊದಲು ಅವನ ಜೊತೆ ಮಾತಾಡಬೇಕಾಗುತ್ತಿತ್ತು. ಅವನ ಪಾರ್ಟಿಯಲ್ಲಿ ಕ್ಲಾರಿನೆಟ್ಟಿನವನು ಒಬ್ಬ ಧರ್ಮದವನು, ಢೋಲಿನವನು ಇನ್ನೊಂದು ಜಾತಿಯವನು. ಬಾಡಿಗೆಗೆ ಬಂದ ಬಾಕ್ಸಿಗೆ ಆ ತೊಡಕು ಇಲ್ಲ. ಆದರೆ ಈ ಮಾತನ್ನು ಬರೀ ಎದುರಿನವರಿಗೆ ಹೇಳಿ ನಾವು ಪಾರಾಗುವಂತಿಲ್ಲ. ನಮ್ಮ ಮಿಲಾದಿನ ಜುಲೂಸಿಗೂ, ಸಂದಲಿಗೂ ಅದೇ ಟ್ರಾಕ್ಟರು, ಅದೇ ಬಾಕ್ಸು ಬಂದಿದೆ. ಪ್ರವಾದಿಯವರ ಹೆಸರಿನಲ್ಲಿ ಹೊರಟ ಮೆರವಣಿಗೆಯಲ್ಲಿ ನಾತ್‌ನ ಕೆಳಗೆ ಡಿಸ್ಕೊ ಬೀಟು ಹಾಕಿ ಕುಣಿದರೆ ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ಅದು ಯಾರ ಭಕ್ತಿ ಎಂಬ ವ್ಯತ್ಯಾಸ ತಿಳಿಯುವುದಿಲ್ಲ. 2024ರಲ್ಲಿ ಗಣೇಶ ಮತ್ತು ಮಿಲಾದ್ ಮೆರವಣಿಗೆಗಳು ಮುಗಿದ ಬೆನ್ನಿಗೇ ಹೈದರಾಬಾದ್ ನಗರ ಪೊಲೀಸರು ಧಾರ್ಮಿಕ ಮೆರವಣಿಗೆಗಳಲ್ಲಿ ಡಿ.ಜೆ. ನಿಷೇಧಿಸಿದರು. ಎರಡೂ ಕಡೆಯವರು ಅದಕ್ಕೆ ಕಾರಣರಾಗಿದ್ದರು.

ಇಲ್ಲಿ ನಮ್ಮೊಳಗಿನ ಇನ್ನೊಂದು ಜಗಳವನ್ನೂ ಎತ್ತಬೇಕು. ವಾದ್ಯವೇ ನಿಷಿದ್ಧ ಎನ್ನುವ ಆಲಿಮರಿದ್ದಾರೆ, ಅವರ ವಾದಕ್ಕೆ ಹಳೆಯ ಆಧಾರಗಳೂ ಇವೆ. ಈದಿನ ದಿನ ಹಜ್ರತ್ ಆಯಿಷಾ ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದುದನ್ನು ಹಜ್ರತ್ ಅಬೂಬಕರ್ ತಡೆಯಹೋದಾಗ ಪ್ರವಾದಿಯವರೇ ಬಿಡುವಂತೆ ಹೇಳಿದ ಹದೀಸ್ ಬುಖಾರಿಯಲ್ಲಿದೆ. ಇಮಾಮ್ ಗಜ್ಜಾಲಿ ತಮ್ಮ ‘ಇಹ್ಯಾ’ದಲ್ಲಿ ಸಮಾದ ಬಗ್ಗೆ ಒಂದು ಇಡೀ ಭಾಗವನ್ನೇ ಬರೆದು ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ಬಿಡಿಸಿ ನೋಡಿದ್ದಾರೆ. ಸಮಾಕ್ಕೆ ಕಾಲ, ಸ್ಥಳ, ಸಂಗಡಿಗರು ಈ ಮೂರೂ ಒದಗಿ ಬರಬೇಕೆಂಬ ಷರತ್ತನ್ನು ಸೂಫಿ ಹಿರಿಯರು ಹಾಕಿದರು. 1422ರಲ್ಲಿ ಗುಲ್ಬರ್ಗದಲ್ಲಿ ತೀರಿಕೊಂಡ ಬಂದೇನವಾಜರ ಚಿಶ್ತಿ ಪರಂಪರೆಯೂ ಸಮಾವನ್ನು ಒಪ್ಪಿದ್ದು ಇಂಥ ಕಟ್ಟುಪಾಡುಗಳೊಳಗೆ. ಈ ಚರ್ಚೆ ಮುಗಿದಿಲ್ಲ, ಒಂದು ಲೇಖನದಲ್ಲಿ ಮುಗಿಯುವುದೂ ಇಲ್ಲ. ಆದರೆ ನನಗೆ ಅರ್ಥವಾಗದ ಸಂಗತಿಯೆಂದರೆ, ಢೋಲಕ್ ಹಿಡಿದ ಬಡ ಹುಡುಗನಿಗೆ ‘ಈ ಹರಾಮಿನ ಕೂಲಿ ಬಿಡು’ ಎನ್ನುವ ಧೈರ್ಯವಿರುವ ಜಮಾತಿಗೆ, ಬಾಡಿಗೆ ಬಾಕ್ಸು ತರುವ ದುಡ್ಡಿನವರ ಮದುವೆಯಲ್ಲಿ ಆ ಮಾತು ಗಂಟಲಿನಿಂದ ಹೊರಡುವುದಿಲ್ಲ. ‘ಕಾಲ, ಸ್ಥಳ, ಸಂಗಡಿಗರು’ ಎಂಬ ಹಳೆಯ ಷರತ್ತನ್ನು ಇಟ್ಟು ನೋಡಿದರೆ ಮೊದಲು ಅನುತ್ತೀರ್ಣವಾಗುವುದು ಡಿ.ಜೆ.

ಮೊಹರಮ್ಮನ್ನೂ ಇಲ್ಲೇ ನೆನೆಯಬೇಕು. ನಮ್ಮ ಭಾಗದ ಹಳ್ಳಿಗಳಲ್ಲಿ ಅಲಾಯಿ ಹಬ್ಬವನ್ನು ಮುಸ್ಲಿಮರ ಮನೆಗಳಿಲ್ಲದ ಕಡೆಯೂ ಮಾಡುತ್ತಾರೆ, ಕನ್ನಡದಲ್ಲಿ ರಿವಾಯತ್ ಹಾಡುತ್ತಾರೆ. ಅಲ್ಲಿ ಹಲಗಿ ಬಾರಿಸುವವರು ಬಹುಮಟ್ಟಿಗೆ ದಲಿತರು. ಹತ್ತನೆಯ ದಿನ ಪೀರಗಳು ಹೊಳೆಗೆ ಹೊರಟಾಗ ಕುಣಿತದ ಹುರುಪು ತಗ್ಗಿ ಶೋಕದ ಹಾಡು ಬರುತ್ತದೆ. ಆ ತಿರುವನ್ನು ಸಾವಿರಾರು ಜನರ ಕಾಲುಗಳಿಗೆ ತಿಳಿಸುವುದು ಹಲಗಿಯವನ ಕೈ. ಊರ ಗಲ್ಲಿಗಲ್ಲಿಗೂ ದುಃಖವನ್ನು ಸಾರುವ ಈ ಹೊಣೆಯನ್ನು ಅವನಿಗೆ ಕೊಟ್ಟ ಊರು, ಹಬ್ಬ ಮುಗಿದ ಮೇಲೆ ಅವನನ್ನು ಎಲ್ಲಿ ಕೂರಿಸುತ್ತದೆ? ಬ್ಯಾಂಡಿನಲ್ಲೂ ಕೂಲಿಯ ಮೆಟ್ಟಿಲು ಹೀಗೇ. ರಾಗ ನುಡಿಸುವವನಿಗೆ ಹೆಚ್ಚು, ಭಾರ ಹೊತ್ತು ನಡೆಯುವ ಢೋಲಿನವನಿಗೆ ಕಡಿಮೆ. ‘ಸಾಮರಸ್ಯದ ಸಂಕೇತ’ ಎಂದು ಫೋಟೊ ತೆಗೆದು ಹೊಗಳುವ ನಮ್ಮ ಬರವಣಿಗೆ ಈ ಲೆಕ್ಕವನ್ನು ಕೇಳುವುದಿಲ್ಲ. ಬ್ಯಾಂಡಿನ ದಿನಗಳನ್ನು ಸ್ವರ್ಗವೆಂದು ಬಣ್ಣಿಸಲು ನನಗೆ ಮನಸ್ಸಿಲ್ಲದಿರುವುದು ಇದಕ್ಕಾಗಿ. ಆ ಬ್ಯಾಂಡಿನಲ್ಲಿ ಜಾತಿ ಇತ್ತು, ತಾತ್ಸಾರ ಇತ್ತು. ಆದರೂ ಭಿನ್ನ ಜಾತಿಯ ಹತ್ತು ಜನ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಹೆಜ್ಜೆ ಮುಂದಿಡಲಾಗದ ಕೆಲಸ ಅದಾಗಿತ್ತು. ಅಂಥ ಕೆಲಸಗಳು ನಮ್ಮ ಊರುಗಳಲ್ಲಿ ಎಷ್ಟು ಉಳಿದಿವೆ?

ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಸುಮಾರು 850ರ ಹೊತ್ತಿಗೆ ಅಲ್ಲಿನ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಓದು ಕಲಿಯದ ಕನ್ನಡಿಗರ ಕಾವ್ಯಜ್ಞಾನವನ್ನು ಮೆಚ್ಚಿಕೊಂಡದ್ದನ್ನು ನಾವು ಪ್ರತಿ ನವೆಂಬರಿನಲ್ಲೂ ವೇದಿಕೆಯ ಮೇಲೆ ಹೇಳುತ್ತೇವೆ. ಅದೇ ಮಣ್ಣಿನ, ಓದು ಕಲಿಯದ ಜನರ ಲಯಜ್ಞಾನವನ್ನು ಮೆಚ್ಚುವ ಪುಸ್ತಕ ಇನ್ನೂ ಬರಬೇಕಾಗಿದೆ. ಚಿಂಚೋಳಿಯ ಕಡೆ ಕನ್ನಡ, ಉರ್ದು, ತೆಲುಗು, ಲಂಬಾಣಿ ನಾಲ್ಕೂ ಕೂಡುವ ಊರುಗಳಿವೆ. ಅಲ್ಲಿನ ಒಬ್ಬ ಡ್ರಮ್ಮಿನವನು ನಾಲ್ಕು ಭಾಷೆಯ ಮದುವೆಗೆ ನಾಲ್ಕು ನಡೆ ಬಾರಿಸುತ್ತಾನೆ. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗದವರು ಹಾಡನ್ನು ಬರೆದುಕೊಂಡಷ್ಟೇ ಶ್ರದ್ಧೆಯಿಂದ ಆ ನಡೆಗಳನ್ನೂ ಬರೆದುಕೊಳ್ಳಲಿ. ಕಲಾವಿದರ ಮಾಸಾಶನದ ಅರ್ಜಿಯಲ್ಲಿ ಬೆಂಜೊ ಪಾರ್ಟಿಯ ತಾಶಾದವನಿಗೂ, ಕವ್ವಾಲಿಯ ಢೋಲಕಿನವನಿಗೂ ಜಾಗ ಸಿಗಲಿ.

ಸರ್ಕಾರ ಮಾಡುವುದು ಯಾವಾಗಲೋ. ಉರುಸಿನ ಕಮಿಟಿಗಳು, ಮದುವೆ ಮಾಡುವ ಮನೆಯವರು ನಾಳೆಯೇ ಮಾಡಬಹುದಾದ ಕೆಲಸವೊಂದಿದೆ. ಬಾಕ್ಸಿನ ಬಾಡಿಗೆಗೆ ಕೊಡುವ ದುಡ್ಡಿನಲ್ಲಿ ಊರಿನದೇ ಪಾರ್ಟಿಯನ್ನು ಕರೆಯಲಿ. ಕವ್ವಾಲಿಯ ಹಸ್ತಪತ್ರಿಕೆ ಅಚ್ಚಿಗೆ ಕೊಡುವಾಗ ‘ಆ್ಯಂಡ್ ಪಾರ್ಟಿ’ ಎಂಬಲ್ಲಿ ಒಂದು ಸಾಲು ಹೆಚ್ಚು ಸೇರಿಸಿ ಢೋಲಕ್ ಯಾರದು, ಬೆಂಜೊ ಯಾರದು, ಕೋರಸ್ ಯಾರದು ಎಂದು ಬರೆಸಲಿ. ಅಚ್ಚಿನ ಖರ್ಚು ಅದರಿಂದ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ.