ಸೇರಿನಲ್ಲಿ ಅಳೆದ ಮೇವು

ಮುಳಬಾಗಿಲು ಕಡೆಯ ನಮ್ಮ ಮನೆಯಲ್ಲಿ ಅಮ್ಮ ರಾತ್ರಿಯೇ ಕಡಲೆಕಾಯಿ ಹಿಂಡಿ ನೆನೆಹಾಕುತ್ತಾಳೆ. ಬೆಳಗಿನ ಐದಕ್ಕೆ ಎದ್ದು ಅದನ್ನು ಕೈಯಲ್ಲಿ ಹಿಸುಕಿ, ಎರಡು ಸೇರು ಬೂಸಾ, ಒಂದು ಹಿಡಿ ಉಪ್ಪು, ಒಂದಿಷ್ಟು ಕಲಗಚ್ಚು ಸೇರಿಸಿ ಬಾನಿಯಲ್ಲಿ ಇಡುತ್ತಾಳೆ. ಸೀಮೆ ಹಸು ತಳ ನೆಕ್ಕುವವರೆಗೂ ತಲೆ ಎತ್ತುವುದಿಲ್ಲ. ಹಸು ಆಸೆಪಟ್ಟು ತಿಂದದ್ದೆಲ್ಲ ಹಾಲಿಗೆ ಒಳ್ಳೆಯದು ಅನ್ನುವುದು ಕೋಲಾರ ಜಿಲ್ಲೆಯ ಮನೆಮನೆಯ ನಂಬಿಕೆ. ನಾನು ಈ ನಂಬಿಕೆಯನ್ನು ಒಪ್ಪುವುದಿಲ್ಲ.

ಎರಡು ವರ್ಷದ ಹಿಂದೆ ಟೊಮೇಟೊ ಬೆಲೆ ಕುಸಿದಾಗ ರಸ್ತೆ ಬದಿ ಸುರಿದಿದ್ದ ಹಣ್ಣನ್ನು ನಾವೂ ತಂದು ಹಾಕಿದೆವು. ಹಸು ಖುಷಿಯಾಗಿ ತಿಂದಿತು. ಮೂರನೇ ದಿನಕ್ಕೆ ಸಗಣಿ ನೀರಾಯಿತು, ಮೆಲುಕು ನಿಂತಿತು, ಡೇರಿಯಲ್ಲಿ ಫ್ಯಾಟ್ 3.9ರಿಂದ 3.1ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಟೊಮೇಟೊದಲ್ಲಿ ನೂರಕ್ಕೆ 94 ಪಾಲು ನೀರು. ಹತ್ತು ಕೆಜಿ ತಿನ್ನಿಸಿದರೆ ಹೊಟ್ಟೆಗೆ ಸೇರುವ ಒಣ ಪದಾರ್ಥ ಅರ್ಧ ಕೆಜಿಗಿಂತ ತುಸು ಹೆಚ್ಚು. 400 ಕೆಜಿ ತೂಗುವ ಹಾಲಿನ ಹಸುವಿಗೆ ದಿನಕ್ಕೆ ಬೇಕಾದದ್ದು ಸುಮಾರು 12 ಕೆಜಿ. ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ಮಂಡಿ ಪಕ್ಕ ಬೀಳುವ ಕೊಳೆತ ಹಣ್ಣಿನ ಕಥೆಯೂ ಇದೇ: ಸಕ್ಕರೆ ಜಾಸ್ತಿ, ಪ್ರೋಟೀನ್ ನಾಮಮಾತ್ರ, ಹೊಟ್ಟೆ ಹುಳಿಯಾಗುವುದಂತೂ ಗ್ಯಾರಂಟಿ.

ಎಲ್ಲರೂ ಕಡೆಗಣಿಸುವ ರಾಗಿ ಹುಲ್ಲಿನ ಪರವಾಗಿ ನಾನು ಮಾತಾಡಲೇಬೇಕು. ಪ್ರೋಟೀನ್ ಶೇ 3–4 ಮಾತ್ರ, ನಿಜ. ಆದರೆ ಮೆಲುಕು ಹಾಕಿಸುವುದು ಅದರ ನಾರು, ಹಾಲಿಗೆ ಕೊಬ್ಬು ಕಟ್ಟುವುದೂ ಆ ನಾರಿನಿಂದಲೇ. ಭತ್ತದ ಹುಲ್ಲಿಗಿಂತ ಇದರಲ್ಲಿ ಸುಣ್ಣದ ಅಂಶ ಹೆಚ್ಚು. ಹಿಂಡಿ ಏರಿಸಿ ಹುಲ್ಲು ಕಡಿಮೆ ಮಾಡಿದ ಮನೆಗಳಲ್ಲಿ ಹಾಲು ಹೆಚ್ಚಿದರೂ ಫ್ಯಾಟ್ ಬೀಳುತ್ತದೆ. ನೂರು ಕೆಜಿ ಒಣಹುಲ್ಲಿಗೆ ನಾಲ್ಕು ಕೆಜಿ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಪ್ರೋಟೀನ್ ಎರಡು ಪಟ್ಟಾಗುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಮಾತ್ರ ಅದನ್ನು ಹಾಕಬಾರದು. ಹಳೆಯ ಈ ವಿಧಾನವನ್ನು ನಮ್ಮ ಸುತ್ತಮುತ್ತ ಮಾಡುವವರು ಬೆರಳೆಣಿಕೆಯಷ್ಟು.

ರೇಷ್ಮೆ ಮನೆಯಿರುವವರ ಪಾಲಿಗೆ ಇನ್ನೊಂದು ಭಾಗ್ಯವಿದೆ. ಹುಳು ತಿಂದುಳಿದ ಹಿಪ್ಪುನೇರಳೆ ಸೊಪ್ಪು ಒಣ ತೂಕದಲ್ಲಿ ಶೇ 15ಕ್ಕೂ ಹೆಚ್ಚು ಪ್ರೋಟೀನ್ ಕೊಡುತ್ತದೆ, ಅಂದರೆ ದುಡ್ಡು ಕೊಟ್ಟು ತರುವ ಗೋಧಿ ಬೂಸಾದ ಸಮ. ಹುಳುವಿನ ಹಾಸಿಗೆಗೆ ಔಷಧಿ ಪುಡಿ ಎರಚಿದ ದಿನದ್ದು ಬೇಡ.

ಬೂಸಾದಲ್ಲಿ ರಂಜಕ ಧಾರಾಳ, ಸುಣ್ಣ ಬಹಳ ಕಡಿಮೆ. ಒಂದೊಂದು ಲೀಟರ್ ಹಾಲಿನ ಜೊತೆ ಒಂದು ಗ್ರಾಂಗೂ ಹೆಚ್ಚು ಸುಣ್ಣದ ಅಂಶ ಹಸುವಿನ ಮೈಯಿಂದ ಹೊರಹೋಗುತ್ತದೆ. ಖನಿಜ ಮಿಶ್ರಣ ಹಾಕದೆ ಬರೀ ಬೂಸಾ ನಂಬಿದರೆ ಆ ಸಾಲ ತೀರುವುದಿಲ್ಲ. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನ್ ಶೇ 40ರ ಆಚೆಗೂ ಇರುತ್ತದೆ, ಕೊಟ್ಟ ಬೆಲೆಗೆ ತಕ್ಕ ವಸ್ತುವೇ. ಆದರೆ ತೇವದ ಕೋಣೆಯಲ್ಲಿಟ್ಟು ಬೂಷ್ಟು ಹಿಡಿದರೆ ಅದೇ ವಿಷ. ಬೂಷ್ಟಿನ ಅಫ್ಲಾಟಾಕ್ಸಿನ್ ಹಸುವಿನ ಮೂಲಕ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅದು ಕೆಜಿಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ಕಾನೂನೇ ಇದೆ. ಆ ಹಾಲನ್ನು ಕುಡಿಯುವವರು ನಮ್ಮ ಮಕ್ಕಳೇ ಅಲ್ಲವೇ?

ಚೀಲದ ಫೀಡ್ ಕೊಳ್ಳುವವರು ಮೇಲೆ ಬರೆದ ಪ್ರೋಟೀನ್ ಅಂಕಿಯೊಂದನ್ನೇ ನೋಡುತ್ತಾರೆ. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಯೂರಿಯಾ ಬೆರೆಸಿದರೂ ಅಂಕಿ ಏರುತ್ತದೆ. ಆದ್ದರಿಂದ ಐಎಸ್‌ಐ ಗುರುತಿಲ್ಲದ ಚೀಲವನ್ನು ಅಗ್ಗವೆಂದು ತರಬೇಡಿ.

ಇಷ್ಟೆಲ್ಲ ತಿಳಿದರೂ ಅಳತೆ ತಪ್ಪಿದರೆ ಫಲವಿಲ್ಲ. ಹಸುವಿನ ಮೈ ನಿಲ್ಲಲು ದಿನಕ್ಕೆ ಒಂದೂವರೆ ಎರಡು ಕೆಜಿ, ಅದರ ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಫೀಡ್ ಎಂಬುದು ಒಪ್ಪಿತ ಲೆಕ್ಕ. ನಮ್ಮ ಕೊಟ್ಟಿಗೆಯಲ್ಲಿ ಐದು ಲೀಟರಿನ ಹಸುವಿಗೂ ಹದಿನೈದು ಲೀಟರಿನ ಹಸುವಿಗೂ ಎರಡೆರಡು ಸೇರೇ ಬೀಳುತ್ತಿತ್ತು. ಬೂಸಾ ಹಗುರ, ಗುಳಿಗೆ ಫೀಡ್ ಅದೇ ಸೇರಿನಲ್ಲಿ ಎರಡು ಪಟ್ಟು ತೂಗುತ್ತದೆ. ಅಮ್ಮನಿಗೆ ನಾನು ತಂದುಕೊಟ್ಟ ತೂಕದ ಕೊಕ್ಕೆ ಈಗ ಬಾನಿಯ ಮೇಲೆ ನೇತಾಡುತ್ತಿದೆ. ನಿಮ್ಮ ಮನೆಯ ಸೇರು ಎಷ್ಟು ಗ್ರಾಂ ಹಿಡಿಯುತ್ತದೆಂದು ನಾಳೆ ಬೆಳಿಗ್ಗೆ ಒಮ್ಮೆ ತೂಗಿ ನೋಡಿ.