ಸಾರಾಂಶದಲ್ಲಿ ಕಳೆದುಹೋದ ಅಜ್ಜಿ

ಕಳೆದ ತಿಂಗಳು ಒಂದು ಎಐ ಸಹಾಯಕವನ್ನು ಬಿಟ್ಟು ಇನ್ನೊಂದಕ್ಕೆ ಹೋದೆ. ಕೈಯಲ್ಲಿದ್ದದ್ದು ಅಜ್ಜಿಯಿಂದ ಕೇಳಿ ಬರೆದುಕೊಂಡಿದ್ದ, ಧಾರವಾಡದ ಕಡೆಯ ಮಾತಿನ ಕತೆಗಳ ಕರಡು ತಿದ್ದುವ ಕೆಲಸ. ಹಳೆಯ ಸಹಾಯಕದ ಜೊತೆ ಆರು ತಿಂಗಳು ವಾದ ಮಾಡಿ ಹೇಗೋ ಒಂದು ಹದಕ್ಕೆ ಬಂದಿದ್ದೆ. ಆ ಹದವನ್ನೂ ಜೊತೆಗೆ ಒಯ್ಯಬೇಕಲ್ಲ? ಅದಕ್ಕೆ ಈಗ ರೂಢಿಯಲ್ಲಿರುವ ದಾರಿ ಸರಳ. ನನ್ನ ಬಗ್ಗೆ, ನನ್ನ ಕೆಲಸದ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆದುಕೊಡು ಎಂದು ಹಳೆಯದನ್ನು ಕೇಳಬೇಕು. ಅದು ಕೊಟ್ಟ ಪುಟವನ್ನು ಹೊಸದಕ್ಕೆ ಅಂಟಿಸಬೇಕು. ನಾನೂ ಹಾಗೇ ಮಾಡಿದೆ.

ಆ ಪುಟವನ್ನು ಒಂದು ಪಠ್ಯವೆಂದು ಓದಿ ನೋಡಿ. ಪ್ರಕಾರದಲ್ಲಿ ಅದೊಂದು ವ್ಯಕ್ತಿಚಿತ್ರ. ನಾಯಕನಿಗೆ ಹೆಸರಿಲ್ಲ, ಅವನು ಬರೀ 'ಬಳಕೆದಾರ'. ಅವನಿಗೆ ಎಲ್ಲೂ ಅನುಮಾನವಿಲ್ಲ, ಎಲ್ಲ ತೀರ್ಮಾನಗಳೂ ಮುಗಿದಿವೆ. ಯಾವ ಪದವನ್ನು ಯಾಕೆ ಬೇಡವೆಂದೆ, ಯಾವುದನ್ನು ಬಿಟ್ಟು ಮತ್ತೆ ಹಿಡಿದೆ ಎಂಬ ಸುಳಿವೇ ಇಲ್ಲ. ಆರು ತಿಂಗಳ ಜಗಳವೆಲ್ಲ ಒಂದು ಸಾಲಾಗಿತ್ತು: ಸಂಭಾಷಣೆಯಲ್ಲಿ ಇವರಿಗೆ ಆಡುಮಾತು ಇಷ್ಟ.

ಸುಳ್ಳೇನಲ್ಲ. ಆದರೆ ಆ ಒಂದು ಸಾಲನ್ನು ನಂಬಿದ ಹೊಸ ಸಹಾಯಕ ಅಜ್ಜಿಯ 'ಹೋಗ್ಯಾನ'ವನ್ನು 'ಹೋಗವ್ನೆ' ಎಂದು ತಿದ್ದಿತು. 'ಬಂದಾಳ' ಎಂಬುದು 'ಬಂದವ್ಳೆ' ಆಯಿತು. ಆಡುಮಾತೇನೋ ಹೌದು, ಆದರೆ ಮಂಡ್ಯದ್ದು. ಒಂದೇ ವಾಕ್ಯದಲ್ಲಿ ಅಜ್ಜಿ ತುಂಗಭದ್ರೆ ದಾಟಿ ಕಾವೇರಿ ದಂಡೆಗೆ ಬಂದು ಕೂತಿದ್ದಳು. ಅಜ್ಜಿ ಈಗಿಲ್ಲ. ಉಳಿದಿರುವುದು ಆ ಮಾತಷ್ಟೆ.

ನಮ್ಮ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಈ ದೋಷ ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪಠ್ಯವಾಗಿ ಓದಿದವರಿಗೆ ಲಿಪಿಕಾರ ಗೊತ್ತು. ಓಲೆಗರಿಯನ್ನು ಪ್ರತಿ ಮಾಡುವಾಗ ತನಗೆ ತಿಳಿಯದ ಪದದ ಜಾಗದಲ್ಲಿ ತಿಳಿದ ಪದವನ್ನು ಕೂರಿಸುವವನು ಅವನು. ಅದಕ್ಕೇ ಸಂಪಾದಕರು ಎರಡು ಪಾಠಗಳಲ್ಲಿ ಸಲೀಸಾದದ್ದನ್ನು ಬೇಗ ನಂಬುವುದಿಲ್ಲ. ಸಾರಾಂಶ ಬರೆಯುವ ಯಂತ್ರವೂ ಇಂಥ ಲಿಪಿಕಾರನೇ. ಅಪರೂಪದ್ದನ್ನು ಸಾಮಾನ್ಯ ಮಾಡುತ್ತದೆ. ಪಾಠಾಂತರಗಳನ್ನು ಅಳಿಸಿ ಒಂದೇ ಪಾಠ ಉಳಿಸುತ್ತದೆ.

ಕನ್ನಡ ಬರಹಗಾರರು ಹಿಂದೊಮ್ಮೆ ಹೀಗೆ ವಲಸೆ ಹೋದವರೇ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿದ್ದ ಕಡತಗಳನ್ನು ಯೂನಿಕೋಡಿಗೆ ತಂದಾಗ ಒತ್ತಕ್ಷರಗಳು ಮುರಿದವು, ಅರ್ಕಾವೊತ್ತು ಜಾಗ ತಪ್ಪಿತು. ಸಿಟ್ಟು ಬಂದರೂ ಅದರಲ್ಲೊಂದು ಉಪಕಾರವಿತ್ತು: ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು. ಈಗಿನ ವಲಸೆಯಲ್ಲಿ ಅಕ್ಷರ ಮುರಿಯುವುದಿಲ್ಲ. ವಾಕ್ಯ ಸೊಗಸಾಗಿಯೇ ಓದಿಸಿಕೊಳ್ಳುತ್ತದೆ, ಮಾತಾಡುವವರು ಮಾತ್ರ ಬೇರೆಯಾಗಿರುತ್ತಾರೆ.

ಹಾಗಾದರೆ ಇಡೀ ಸಂಭಾಷಣೆಯನ್ನೇ ಒಯ್ಯಬಾರದೇ? ಒಯ್ಯಬಹುದು. ಚಾಟ್‌ಜಿಪಿಟಿಯಂಥವು ಕೇಳಿದರೆ ಹಳೆಯ ಮಾತುಕತೆಯನ್ನೆಲ್ಲ ಒಂದು ಜಿಪ್ ಕಡತವಾಗಿ ಕೊಡುತ್ತವೆ. ಅದರಲ್ಲಿ ನಮ್ಮ ಅನುಮಾನಗಳೂ ಇರುತ್ತವೆ. ಆದರೆ ಯಾವ ಮಾದರಿಯಾದರೂ ಒಂದು ಸಲಕ್ಕೆ ಓದಬಲ್ಲ ಪಠ್ಯಕ್ಕೆ ಮಿತಿ ಇದೆ, ಕನ್ನಡ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ತಿನ್ನುತ್ತದೆ. ಇನ್ನು ಕಾನೂನು. 2018ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್‌ನ 20ನೇ ವಿಧಿ, ತಾನು ಕೊಟ್ಟ ಮಾಹಿತಿಯನ್ನು ಬೇರೆಡೆಗೆ ಒಯ್ಯುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಭಾರತದಲ್ಲಿ 2019ರ ಮಸೂದೆಯಲ್ಲಿದ್ದ ಇಂಥ ಹಕ್ಕು 2023ರ ಕಾಯ್ದೆಯಲ್ಲಿ ಇಲ್ಲ. ಇದು ಕೊರತೆಯೇ. ಆದರೆ ಆ ಹಕ್ಕು ಇದ್ದಿದ್ದರೂ ನನ್ನ ಅಜ್ಜಿಯ ಕ್ರಿಯಾಪದ ಉಳಿಯುತ್ತಿತ್ತೆಂದು ಹೇಳಲಾರೆ.

ಯಾಕೆಂದರೆ ಹಳೆಯ ಸಹಾಯಕ 'ಕಲಿತಿತ್ತು' ಎಂದು ನಾನು ಅಂದುಕೊಂಡದ್ದೇ ತಪ್ಪು. ಇವುಗಳ ನೆನಪು ಎನ್ನುವುದು ಬಹುಮಟ್ಟಿಗೆ ಬರೆದಿಟ್ಟ ಟಿಪ್ಪಣಿ ಮತ್ತು ಹಳೆಯ ಮಾತಿನ ತುಣುಕುಗಳು. ಹೊಸ ಮಾತುಕತೆ ಶುರುವಾದಾಗ ಅವನ್ನು ಮಾದರಿಯ ಮುಂದೆ ಇಡುತ್ತಾರೆ. ನಾನು ತಿದ್ದಿದ್ದರಿಂದ ಒಳಗಿನ ಮಾದರಿಯೇನೂ ಬದಲಾಗಿರಲಿಲ್ಲ. ಧಾರವಾಡದ ಮಾತು ಗೊತ್ತಿದ್ದದ್ದು ನನಗೆ. ಅದನ್ನು ಬರೆದಿಡುವ ಕೆಲಸವನ್ನು ಸೋಮಾರಿತನದಿಂದ ಯಂತ್ರಕ್ಕೆ ಬಿಟ್ಟಿದ್ದೆ.

ಈಗ ಒಂದು ಸಾದಾ ಕಡತ ಮಾಡಿಕೊಂಡಿದ್ದೇನೆ, ನಾಲ್ಕು ಕಾಲಂ: ಅಜ್ಜಿ ಅಂದದ್ದು, ಯಂತ್ರ ತಿದ್ದಿದ್ದು, ನಾನು ಉಳಿಸಿಕೊಂಡದ್ದು, ಯಾಕೆ. ತೀರ್ಮಾನವಾಗದ ಕಡೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೇ ಬಿಟ್ಟಿದ್ದೇನೆ. ಹೊಸ ಸಹಾಯಕಕ್ಕೆ ಸಾರಾಂಶದ ಬದಲು ಇದನ್ನು ಕೊಟ್ಟ ಮೇಲೆ ತಪ್ಪುಗಳು ನಿಂತಿಲ್ಲ, ಕಡಿಮೆಯಾಗಿವೆ. ಅದಕ್ಕಿಂತ ಮುಖ್ಯವಾಗಿ, ಕಡತ ತುಂಬುತ್ತ ಹೋದಂತೆ ಕೆಲವು ಕಡೆ ನಾನೇ ಅಜ್ಜಿಯ ಮಾತನ್ನು ಶಾಲೆಯ ಕನ್ನಡಕ್ಕೆ ತಿದ್ದಿದ್ದು ಕಂಡಿತು. ಅಲ್ಲಿ ಯಂತ್ರದ ಕೈವಾಡ ಇರಲಿಲ್ಲ. ಆ ಸಾಲುಗಳಿಗೂ ಒಂದು ಕಾಲಂ ಸೇರಿಸಿದ್ದೇನೆ.