ಮೆಹ್ರಿ ಬರೆಯದ ಪುಸ್ತಕ

ಅಕ್ಕನ ಮಗಳು "ಓದಿ ನೋಡು ಚಿಕ್ಕಮ್ಮ" ಎಂದು ಕೈಗಿತ್ತ ಪುಸ್ತಕ ತೆರೆದರೆ ಪುಟದ ತುಂಬ ಕಪ್ಪುಬಿಳುಪು ಚಿತ್ರಗಳು. ಚಿತ್ರಕಥೆ ಓದುವ ವಯಸ್ಸೇ ನನ್ನದು ಎಂದು ನಕ್ಕೆ. ಮಧ್ಯಾಹ್ನ ಊಟವಾದ ಮೇಲೆ ಹಿಡಿದದ್ದನ್ನು ದೀಪ ಹಚ್ಚುವ ಹೊತ್ತಾದರೂ ಕೆಳಗಿಡಲಾಗಲಿಲ್ಲ.

ಅದು ಇರಾನಿನ ಮರ್ಜಾನೆ ಸತ್ರಪಿಯವರ 'ಪರ್ಸೆಪೊಲಿಸ್'. 2000ದಿಂದ 2003ರವರೆಗೆ ಫ್ರೆಂಚಿನಲ್ಲಿ ನಾಲ್ಕು ಭಾಗಗಳಾಗಿ ಬಂತು. ನಾನು ಓದಿದ್ದು ಇಂಗ್ಲಿಷ್ ಅನುವಾದ. 1979ರಲ್ಲಿ ದೊರೆ ಷಾನ ಆಳ್ವಿಕೆ ಉರುಳಿತು. ಮರುವರ್ಷ ಶಾಲೆಯ ಹುಡುಗಿಯರಿಗೆ ತಲೆವಸ್ತ್ರ ಕಡ್ಡಾಯವಾಯಿತು. ಅದೇ ವರ್ಷ ಇರಾಕಿನೊಡನೆ ಹೊತ್ತಿಕೊಂಡ ಯುದ್ಧ 1988ರವರೆಗೂ ಉರಿಯಿತು. ಇದನ್ನೆಲ್ಲ ನೋಡುವವಳು ಟೆಹರಾನಿನ ಹತ್ತು ವರ್ಷದ ಹುಡುಗಿ ಮಾರ್ಜಿ.

ರಾಜಕೀಯವೆಂದರೆ ಗಂಡಸರ ಜಗಲಿಯ ಮಾತು ಎಂದುಕೊಳ್ಳುವ ನಮಗೆ, ಅದು ಅಡುಗೆಮನೆಗೂ ಹೇಗೆ ನುಗ್ಗುತ್ತದೆಂದು ಈ ಪುಸ್ತಕ ತೋರಿಸುತ್ತದೆ. ಸೆರೆಯಲ್ಲಿರುವ ಚಿಕ್ಕಪ್ಪ ಅನೂಷ್ ಕಡೆಯ ಭೇಟಿಗೆ ಈ ಮಗುವನ್ನೇ ಕರೆಸಿಕೊಂಡು, ರೊಟ್ಟಿಯಲ್ಲಿ ಮಾಡಿದ ಹಂಸವನ್ನು ಕೊಡುತ್ತಾನೆ. ಹದಿನಾಲ್ಕರ ಮೊಮ್ಮಗಳು ವಿಯೆನ್ನಾಗೆ ಹೊರಡುವ ಹಿಂದಿನ ರಾತ್ರಿ ಅಜ್ಜಿ ಬಟ್ಟೆ ಬದಲಿಸುವಾಗ, ಒಳಉಡುಪಿನಲ್ಲಿ ಇಟ್ಟುಕೊಂಡಿದ್ದ ಮಲ್ಲಿಗೆ ಹೂಗಳು ಉದುರುತ್ತವೆ. ಆ ಪರಿಮಳ ನಮ್ಮ ಮನೆಯದೇ ಅನ್ನಿಸಿತು.

ಆದರೆ ನನ್ನನ್ನು ಕಾಡಿದ್ದು ಅಜ್ಜಿಯಲ್ಲ, ಮೆಹ್ರಿ. ಎಂಟು ವರ್ಷಕ್ಕೇ ಈ ಮನೆಗೆ ಕೆಲಸಕ್ಕೆ ಬಂದವಳು. ಮಾರ್ಜಿಯನ್ನು ಎತ್ತಿ ಆಡಿಸಿದವಳು. ಪಕ್ಕದ ಮನೆಯ ಹುಡುಗನ ಮೇಲೆ ಅವಳಿಗೆ ಮನಸ್ಸಾಗುತ್ತದೆ. ಅಕ್ಷರ ಬಾರದ ಅವಳಿಗೆ ಮಾರ್ಜಿಯೇ ಪ್ರೇಮಪತ್ರ ಬರೆದುಕೊಡುತ್ತಾಳೆ. ಸಂಗತಿ ತಿಳಿದ ತಂದೆ, ಸಮಾನತೆಯ ಮಾತಾಡುವ ಆ ತಂದೆಯೇ, ಇವಳು ನಮ್ಮ ಮನೆಯ ಆಳು ಎಂದು ಹುಡುಗನಿಗೆ ಹೇಳಿ ಬರುತ್ತಾನೆ. ಅಲ್ಲಿಗೆ ಪ್ರೀತಿ ಮುಗಿಯಿತು. ಇಬ್ಬರೂ ಕದ್ದು ಮೆರವಣಿಗೆಗೆ ಹೋಗಿಬಂದು ತಾಯಿಯಿಂದ ಒಂದೊಂದು ಏಟು ತಿನ್ನುತ್ತಾರೆ. ಆ ಅಧ್ಯಾಯದ ಬಳಿಕ ಮೆಹ್ರಿ ಕಥೆಯ ನಡುವಿಗೆ ಮತ್ತೆ ಬರುವುದಿಲ್ಲ.

ಯುದ್ಧದ ದಿನಗಳಲ್ಲೂ ಹೀಗೆಯೇ. ಮನೆಗೆಲಸದಾಕೆಯ ಮಗನಿಗೆ ಶಾಲೆಯಲ್ಲಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ಬೀಗದಕೈ ಕೊಟ್ಟಿರುತ್ತಾರೆ. ಯುದ್ಧದಲ್ಲಿ ಸತ್ತರೆ ಸ್ವರ್ಗದ ಬಾಗಿಲು ಅದರಿಂದ ತೆರೆಯುತ್ತದಂತೆ! ಮಾರ್ಜಿಗಾದರೋ ವಿಮಾನದ ಟಿಕೆಟ್ಟು.

ಲೇಖಕಿ ಇದನ್ನು ಮುಚ್ಚಿಟ್ಟಿಲ್ಲ. ತನ್ನ ಮನೆಯವರನ್ನು ದೇವರಾಗಿಸಿಲ್ಲ. ಆಳು ತಮ್ಮೊಡನೆ ಊಟಕ್ಕೆ ಕೂರುವುದಿಲ್ಲವೆಂಬ ನಾಚಿಕೆಯನ್ನೂ ಬರೆದಿದ್ದಾರೆ. ಪುಸ್ತಕದ ದೊಡ್ಡ ಗುಣವೇ ಈ ಪ್ರಾಮಾಣಿಕತೆ. ಆದರೂ ನನ್ನದೊಂದು ತಕರಾರು: ಮೆಹ್ರಿಯ ಮುಂದಿನ ಬದುಕಿಗೆ ಇನ್ನೆರಡು ಪುಟ ಕೊಡಬಹುದಿತ್ತು. ಅವಳ ಪ್ರೇಮಪತ್ರವೂ ಮಾರ್ಜಿಯ ಅಕ್ಷರದಲ್ಲಿ, ಅವಳ ಕಥೆಯೂ ಮಾರ್ಜಿಯ ಗೆರೆಯಲ್ಲಿ. ಮನೆಯ ನೆನಪುಗಳನ್ನು ಬರೆಯುವ ಕೈ ಆ ಮನೆಯಲ್ಲಿ ಓದು ಕಲಿತವಳದೇ ಆಗಿರುತ್ತದೆ.

ಹೀಗೆ ತಕರಾರು ತೆಗೆಯುವ ನಾನೇನು ಕಡಿಮೆಯೇ? ತವರಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಕೆ ಊರಿಗೆ ಕಾಗದ ಬರೆಸಲು ನನ್ನ ಮುಂದೆ ಕೂರುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವಳು ಹೇಳಿದ್ದರಲ್ಲಿ ಅರ್ಧ ಬಿಟ್ಟು, ಆಟಕ್ಕೋಡುವ ಅವಸರದಲ್ಲಿ, "ಇಲ್ಲಿ ಎಲ್ಲರೂ ಕ್ಷೇಮ" ಎಂದು ಬರೆದು ಇನ್‌ಲ್ಯಾಂಡ್ ಅಂಟಿಸಿಬಿಡುತ್ತಿದ್ದೆ. ಬಿಟ್ಟ ಆ ಅರ್ಧದಲ್ಲಿ ಏನಿತ್ತೆಂದು ಇಂದು ನೆನಪಿಸಿಕೊಂಡರೂ ಬರುವುದಿಲ್ಲ.